ನಾಯಿ, ಬೆಕ್ಕಿನ ಹೃದಯ ಪರೀಕ್ಷೆ: ಶುರು ಮಾಡೋಕೆ ನಿಮ್ಮ ಮೊಬೈಲ್ ಟೈಮರ್ ಸಾಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಕೇಳ್ತಾ ಇರೋರಿಗೂ, ಬೆಂಗಳೂರಿನ ಪಿಜಿಯಲ್ಲಿ ಕೂತು ಊರಲ್ಲಿ ಬಿಟ್ಟು ಬಂದ ನಾಯಿನ ನೆನಪಿಸಿಕೊಳ್ತಾ ಇರೋರಿಗೂ ಈ ಸಂಚಿಕೆಯ ಪ್ರಶ್ನೆ ಒಂದೇ: ನಾವು ಸಾಕಿದ ನಾಯಿ, ಬೆಕ್ಕಿನ ಹೃದಯ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ? ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಅದಕ್ಕೆ ಔಷಧಿ ಹೇಳಲ್ಲ, ಲೆಕ್ಕ ಹೇಳ್ತೀನಿ.

ಲೆಕ್ಕ ಯಾಕೆ ಬೇಕು? ನಮ್ಮ ತಾಲ್ಲೂಕುಗಳ ಪಶು ಆಸ್ಪತ್ರೆಗಳಿಗೆ ಹಸು, ಎಮ್ಮೆ, ಕುರಿ, ಮೇಕೆಯದ್ದೇ ಕೈತುಂಬ ಕೆಲಸ. ನಾಯಿ ಹೃದಯದ ಸ್ಕ್ಯಾನ್ ಅಂದ್ರೆ ಸಾಮಾನ್ಯವಾಗಿ ಬೆಂಗಳೂರಿನ ದಾರಿ ಹಿಡೀಬೇಕು. ಪಾವಗಡದಿಂದ ಅದು ಹತ್ತಿರಹತ್ತಿರ 150 ಕಿಲೋಮೀಟರ್. ಸುಮ್ಮನೆ ಹೋದ್ರೆ ಗಾಡಿ ಬಾಡಿಗೆ ಮತ್ತು ಒಂದು ದಿನದ ಕೂಲಿ ಹೋಯ್ತು. ತಡವಾಗಿ ಹೋದ್ರೆ ಪ್ರಾಣಿನೇ ಹೋಯ್ತು. ಯಾವಾಗ ಹೊರಡಬೇಕು ಅಂತ ತೀರ್ಮಾನಿಸೋಕೆ ಬೇಕಾದ ಮೊದಲ ಮಾಹಿತಿ ನಿಮ್ಮ ಮನೆಯಲ್ಲೇ ಸಿಗುತ್ತೆ.

ನಿದ್ದೆಯಲ್ಲಿ ಉಸಿರು ಎಣಿಸಿ

ಹೃದಯ ಸೋತಾಗ ರಕ್ತ ಸರಿಯಾಗಿ ಮುಂದೆ ಹೋಗಲ್ಲ. ಹಿಂದೆ ಒತ್ತಡ ಹೆಚ್ಚಾಗಿ ಶ್ವಾಸಕೋಶದಲ್ಲಿ ನೀರು ಸೇರುತ್ತೆ. ಆಗ ಮೊದಲು ಬದಲಾಗೋದು ಉಸಿರಿನ ವೇಗ, ಅದೂ ನಿದ್ದೆಯಲ್ಲಿ.

ನಾಯಿ ಅಥವಾ ಬೆಕ್ಕು ಗಾಢವಾಗಿ ಮಲಗಿದಾಗ ಪಕ್ಕೆ ನೋಡಿ. ಒಂದು ಸಲ ಮೇಲೆದ್ದು ಕೆಳಗಿಳಿದ್ರೆ ಒಂದು ಉಸಿರು. ಮೊಬೈಲ್‌ನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಆರೋಗ್ಯವಾಗಿದ್ರೆ ನಿಮಿಷಕ್ಕೆ ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಇರುತ್ತೆ. ಕನಸು ಕಾಣ್ತಾ ಕಾಲು ಆಡಿಸ್ತಿದ್ರೆ, ನಾಲಿಗೆ ಚಾಚಿ ತೇಕ್ತಿದ್ರೆ ಆ ಲೆಕ್ಕ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಎಣಿಸೋದೇ ಬೇಡ, ರಾತ್ರಿ ತಂಪಾದ ಮೇಲೆ ನೋಡಿ.

ಒಂದು ದಿನದ ಅಂಕಿ ಹಿಡಿದು ಗಾಬರಿಯಾಗಬೇಡಿ. ಅಂಗಡಿ ಲೆಕ್ಕದಲ್ಲಿ ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ಲಾಭ ನಷ್ಟ ಗೊತ್ತಾಗುತ್ತಾ? ಹಾಗೇ ಇದೂ. ಪ್ರಾಣಿ ಚೆನ್ನಾಗಿರುವಾಗಲೇ ಒಂದು ವಾರ ಎಣಿಸಿ ಬರೆದಿಡಿ. ದಿನಾ 18, 20 ಇದ್ದದ್ದು 28ಕ್ಕೆ ಏರಿ ಅಲ್ಲೇ ನಿಂತ್ರೆ, 30 ದಾಟದಿದ್ರೂ ಅದು ಸುದ್ದಿನೇ. ಪದೇಪದೇ 30 ದಾಟಿದ್ರೆ ಡಾಕ್ಟರಿಗೆ ಫೋನ್ ಮಾಡಿ. ಬೆಕ್ಕು ಬಾಯಿ ತೆರೆದು ಉಸಿರಾಡ್ತಿದ್ರೆ, ಒಸಡು ನೀಲಿ ಅಥವಾ ಬಿಳುಚಿಕೊಂಡಿದ್ರೆ ಎಣಿಸ್ತಾ ಕೂರಬೇಡಿ, ತಕ್ಷಣ ಹೊರಡಿ.

ಕೆಮ್ಮು, ತಲೆಸುತ್ತಿ ಬೀಳೋದು, ಓಡಿದ ತಕ್ಷಣ ಸುಸ್ತಾಗೋದು, ಹೊಟ್ಟೆ ಊದೋದು ಕಂಡ್ರೆ ವಿಡಿಯೋ ಮಾಡ್ಕೊಳ್ಳಿ. ಆಸ್ಪತ್ರೆ ಮೇಜಿನ ಮೇಲೆ ನಾಯಿ ಕೆಮ್ಮೋದೇ ಇಲ್ಲ ಕಣ್ರಿ!

ನಾಯಿಯದ್ದೇ ಬೇರೆ, ಬೆಕ್ಕಿನದ್ದೇ ಬೇರೆ

ವಯಸ್ಸಾದ ಸಣ್ಣ ತಳಿ ನಾಯಿಗಳಲ್ಲಿ, ಪಾಮೇರಿಯನ್ ಥರದವುಗಳಲ್ಲಿ, ಹೃದಯದ ಕವಾಟ ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುತ್ತೆ. ಡಾಬರ್‌ಮನ್, ಗ್ರೇಟ್ ಡೇನ್‌ನಂಥ ದೊಡ್ಡವುಗಳಲ್ಲಿ ಹೃದಯದ ಸ್ನಾಯು ತೆಳುವಾಗಿ, ಹಿಗ್ಗಿ, ಶಕ್ತಿ ಕಳ್ಕೊಳ್ಳುತ್ತೆ. ಬೆಕ್ಕಲ್ಲಿ ಇದು ಉಲ್ಟಾ: ಹೆಚ್ಚಾಗಿ ಸ್ನಾಯು ದಪ್ಪಗಾಗುತ್ತೆ, ರಕ್ತ ತುಂಬೋಕೆ ಜಾಗ ಕಡಿಮೆಯಾಗುತ್ತೆ.

ಬೆಕ್ಕು ಸಾಕಿರೋರು ಇದನ್ನ ನೆನಪಿಡಿ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಹಿಂಗಾಲಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡ್ರೆ, ಬೆಕ್ಕು ಇದ್ದಕ್ಕಿದ್ದ ಹಾಗೆ ಕಿರುಚ್ಕೊಂಡು ಹಿಂಗಾಲು ಎಳೆಯುತ್ತೆ. ಯಾರೋ ಹೊಡೆದ್ರು, ಹಾವು ಕಚ್ತು ಅಂತ ಅನ್ನಿಸಬಹುದು. ಪಾದ ಮುಟ್ಟಿ ನೋಡಿ. ತಣ್ಣಗಿದ್ದು ಪಾದದ ಮೆತ್ತೆ ಬಿಳುಚಿದ್ರೆ ಕಾರಣ ಹೃದಯವೇ ಇರಬಹುದು. ಇದು ತುರ್ತು ಪರಿಸ್ಥಿತಿ, ತುಂಬ ನೋವಿನದ್ದು.

ಇನ್ನೊಂದು ಊಟದ ವಿಷಯ. ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತೆ ಅಂತ 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ರು, ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಅದನ್ನ ಹೆಚ್ಚಿಸಿದವು. ಹೊರಗೆ ಇಲಿ ಹಿಡಿಯೋ ಬೆಕ್ಕಿಗೆ ಅದು ಬೇಟೆಯಲ್ಲೇ ಸಿಗುತ್ತೆ. ಮನೆಯೊಳಗೇ ಕೂಡಿಹಾಕಿ ಬರೀ ಹಾಲನ್ನ ಹಾಕಿದ್ರೆ ಸಾಲಲ್ಲ.

ಡಾಕ್ಟರ್ ಏನು ನೋಡ್ತಾರೆ?

ಮೊದಲು ಸ್ಟೆತಸ್ಕೋಪ್. ಲಬ್-ಡಬ್ ಮಧ್ಯೆ ಉಶ್ ಅನ್ನೋ ಸದ್ದು ಬಂದ್ರೆ ಅದನ್ನ ಮರ್ಮರ್ ಅಂತಾರೆ, 1ರಿಂದ 6ರವರೆಗೆ ಗ್ರೇಡ್ ಕೊಡ್ತಾರೆ. ಆದ್ರೆ ಹೃದ್ರೋಗ ಇರೋ ಎಷ್ಟೋ ಬೆಕ್ಕುಗಳಲ್ಲಿ ಈ ಸದ್ದೇ ಇರಲ್ಲ. ಸದ್ದಿರೋ ಎಲ್ಲ ಬೆಕ್ಕಿಗೂ ಕಾಯಿಲೆ ಇರಲ್ಲ.

ಆಮೇಲೆ ಎಕ್ಸ್-ರೇ. ಹೃದಯದ ಉದ್ದ, ಅಗಲ ಎಷ್ಟು ಬೆನ್ನುಮೂಳೆಗಳಷ್ಟಿದೆ ಅಂತ ಅಳೀತಾರೆ. 1995ರಲ್ಲಿ ಬಂದ ಈ ವಿಧಾನದ ಪ್ರಕಾರ ಬಹುತೇಕ ನಾಯಿಗಳಲ್ಲಿ ಎರಡೂ ಸೇರಿ 10.5 ಮೂಳೆಯ ಒಳಗಿರುತ್ತೆ, ತಳಿ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಬಡಿತದ ತಾಳ ತಪ್ಪಿದ್ರೆ ಇಸಿಜಿ. ಕವಾಟ, ಸ್ನಾಯು ನೇರವಾಗಿ ನೋಡೋಕೆ ಎಕೋ ಸ್ಕ್ಯಾನ್.

ಬೇಗ ಗೊತ್ತಾದ್ರೆ ಲಾಭ ಇದೆಯಾ? ಇದೆ. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನದಲ್ಲಿ, ಕವಾಟದ ತೊಂದರೆಯಿಂದ ಹೃದಯ ದೊಡ್ಡದಾಗಿದ್ರೂ ಇನ್ನೂ ಲಕ್ಷಣ ಕಾಣದ ನಾಯಿಗಳಿಗೆ ಪಿಮೊಬೆಂಡನ್ ಔಷಧಿ ಕೊಟ್ರು. ಹೃದಯ ಸೋಲೋದು ಸುಮಾರು 15 ತಿಂಗಳು ಮುಂದಕ್ಕೆ ಹೋಯ್ತು. ನಾಯಿ ಆಯಸ್ಸಿನಲ್ಲಿ 15 ತಿಂಗಳು ಅಂದ್ರೆ ಸಣ್ಣ ಮೊತ್ತ ಅಲ್ಲ. ಹಾಗಂತ ಮನೆಯಲ್ಲಿರೋ ಅಜ್ಜನ ಬಿಪಿ ಮಾತ್ರೆ ಕೊಡೋಕೆ ಹೋಗ್ಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ಅಂತೂ ಪ್ರಾಣಕ್ಕೇ ಕುತ್ತು.

ಹೊರಡೋ ಮುಂಚೆ

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ, ಸ್ಟೆತಸ್ಕೋಪ್ ಪರೀಕ್ಷೆ ಅಲ್ಲೇ ಆಗುತ್ತೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ 1962. ಮುಂದಿನ ಪರೀಕ್ಷೆ ಬೇಕು ಅಂದ್ರೆ, 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಯಾವ ದಿನ, ಎಷ್ಟು ಹೊತ್ತಿಗೆ ನೋಡ್ತಾರೆ ಅಂತ ಫೋನ್ ಮಾಡಿ ಕೇಳ್ಕೊಂಡೇ ಗಾಡಿ ಹತ್ತಿ. ಉಸಿರಿನ ಲೆಕ್ಕ ಬರೆದ ಪಟ್ಟಿ, ವಿಡಿಯೋ, ಹಳೇ ಚೀಟಿ ಜೊತೆಗಿರಲಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ನಾಯಿನೋ ಬೆಕ್ಕೋ ಮಲಗಿದ ಮೇಲೆ ಅರ್ಧ ನಿಮಿಷ ಎಣಿಸಿ, ತಾರೀಖು ಹಾಕಿ ಬರೆದಿಡಿ. ಊರಿಂದ ದೂರ ಇದ್ರೆ ಅಮ್ಮನಿಗೋ ತಮ್ಮನಿಗೋ ಫೋನ್ ಮಾಡಿ ಎಣಿಸೋಕೆ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.