ಮರುಭೂಮಿಯ ಮಡುವಿನಲ್ಲಿ ಮೊಸಳೆ!

ಸಹಾರಾ ಎಂದೊಡನೆ ವಾಚಕರ ಕಣ್ಣೆದುರು ಮರಳ ದಿಬ್ಬಗಳೇ ಸುಳಿಯುವುವಲ್ಲವೆ? ಸುಮಾರು 90 ಲಕ್ಷ ಚದರ ಕಿಲೋಮೀಟರು ಹಬ್ಬಿದ ಆ ಬೆಂಗಾಡಿನಲ್ಲಿ ಮರಳಿನ ಪಾಲು ಕಾಲುಭಾಗದಷ್ಟೇ. ಉಳಿದುದು ಹೆಚ್ಚಾಗಿ ಕಲ್ಲು, ಜಲ್ಲಿ, ಬೋಳುಗುಡ್ಡ.

ಅಲ್ಲಿಯೂ ಮೊಸಳೆಯುಂಟೆಂದರೆ ನಂಬುವಿರಾ? ಚಾಡ್ ದೇಶದ ಎನ್ನೆಡಿ ಪ್ರಸ್ಥಭೂಮಿಯ ಆರ್ಶೇಯಿ ಕಮರಿಯಲ್ಲೊಂದು ಬತ್ತದ ಮಡುವಿದೆ. ಸುಮಾರು 5,000 ವರ್ಷಗಳ ಹಿಂದಿನವರೆಗೆ ಸಹಾರಾದಲ್ಲಿ ಹುಲ್ಲುಗಾವಲು, ಕೆರೆ, ತೊರೆಗಳಿದ್ದವು. ಕ್ರಮೇಣ ಮಳೆ ದೂರ ಸರಿಯಿತು, ತೊರೆಗಳು ಬತ್ತಿದವು, ಮೊಸಳೆಗಳು ಮಡುವಿನಲ್ಲೇ ಸೆರೆಯಾದವು. ಅವುಗಳ ಅನ್ನದಾತ ಯಾರು ಗೊತ್ತೆ? ಒಂಟೆ! ನೀರಿಗಿಳಿಯುವ ಒಂಟೆಗಳ ಲದ್ದಿಯಿಂದ ಪಾಚಿ ಬೆಳೆಯುತ್ತದೆ. ಪಾಚಿ ಮೀನಿಗೆ ಆಹಾರ, ಮೀನು ಮೊಸಳೆಗೆ. ಆದರೂ ಈಗ ಉಳಿದಿರುವವು ಬೆರಳೆಣಿಕೆಯಷ್ಟೇ. ಹೊರಗಿನಿಂದ ಮತ್ತೊಂದು ಮೊಸಳೆ ಬಂದು ಸೇರಲು ನಡುವೆ ನೀರಿನ ದಾರಿಯೇ ಇಲ್ಲ.