ಒಂಬತ್ತು ಮಿಲಿಮೀಟರಿನ ಸಾಲು, 180 ಕಿಲೋಮೀಟರಿನ ಪಟ್ಟಿ

ಫೋನಿನಲ್ಲಿ ಪಹಣಿ ಹುಡುಕುವವರು ಏಳು ಮೆಟ್ಟಿಲು ಇಳಿಯಬೇಕು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ. ಒಂದು ಪಟ್ಟಿಯ ಹೊಟ್ಟೆಯಲ್ಲಿ ಇನ್ನೊಂದು ಪಟ್ಟಿ. ಬೆರಳು ಸರಿಯಾಗಿ ತಾಗಬೇಕಾದರೆ ಒಂದೊಂದು ಸಾಲೂ ಸುಮಾರು 9 ಮಿಲಿಮೀಟರ್ ಎತ್ತರ ಇರಲಿ ಎನ್ನುತ್ತದೆ ಆಂಡ್ರಾಯ್ಡ್‌ನ ನಿಯಮ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಸೇರಿದರೆ 27 ಮಿಲಿಮೀಟರ್. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟ, ಭರಚುಕ್ಕಿ ಎಲ್ಲವೂ ಅಷ್ಟರೊಳಗೇ!

ಈ ಪಟ್ಟಿಗಳು ಇದ್ದಲ್ಲಿ ಇರುವುದೂ ಇಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಹೋಯಿತು. ಮುಂದೆ ಅದರೊಳಗಿಂದಲೇ ಹನೂರು ಬೇರೆ ತಾಲ್ಲೂಕಾಯಿತು. ಯಳಂದೂರು ಒತ್ತಿದರೆ ಗಿಡ್ಡ ಪಟ್ಟಿ, ಹನೂರು ಒತ್ತಿದರೆ ಬೇರೆಯೇ ಉದ್ದ. ಯಾವುದಕ್ಕೆ ಎಷ್ಟು ಜಾಗ ಎಂದು ಫೋನು ತೀರ್ಮಾನಿಸುವುದು ನಾವು ಒತ್ತಿದ ಮೇಲೆಯೇ.

ಅದಕ್ಕೆ ಸಿಗುವ ಸಮಯವಾದರೂ ಎಷ್ಟು? ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಒಂದು ಸರದಿಗೆ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಬೆಳಕು 5,000 ಕಿ.ಮೀ. ಓಡುತ್ತದೆ. ಎಂದರೆ ಕೊಳ್ಳೇಗಾಲದಿಂದ ದೆಹಲಿಗೆ ನೇರ ಹೋಗಿ ಬಂದರೂ ಸಾವಿರ ಕಿ.ಮೀ.ಗೂ ಹೆಚ್ಚು ಮಿಗುತ್ತದೆ.

ಇನ್ನು ಉದ್ದ ನೋಡಿ. ಕರ್ನಾಟಕದ 31 ಜಿಲ್ಲೆಗಳ ಪಟ್ಟಿ 28 ಸೆಂಟಿಮೀಟರ್, ಪರದೆಗೆ ಹದಿನಾರು ಸಾಲಿನಂತೆ ಎರಡು ಪರದೆಗೆ ಮುಗಿಯಿತು. ಆದರೆ 2011ರ ಜನಗಣತಿಯ 29,340 ಗ್ರಾಮಗಳನ್ನು ಸಾಲಾಗಿ ಬಿಡಿಸಿದರೆ 264 ಮೀಟರ್. ಮಹದೇಶ್ವರ ಬೆಟ್ಟದ 108 ಅಡಿಯ ಮಾದಪ್ಪನ ಪ್ರತಿಮೆಯನ್ನು ಎಂಟು ಸಲ ಒಂದರ ಮೇಲೊಂದು ನಿಲ್ಲಿಸಿದಷ್ಟು! ಇಡೀ ದೇಶದ ಗ್ರಾಮಗಳು 6.4 ಲಕ್ಷ: 5.8 ಕಿ.ಮೀ., ಮೂರು ಮುಳ್ಳಯ್ಯನಗಿರಿ.

ಗ್ರಾಮ ಬಿಡಿ, ಪಹಣಿಗೆ ಬನ್ನಿ. ‘ಭೂಮಿ’ ಯೋಜನೆಯಲ್ಲಿ ಮೊದಲು ಗಣಕೀಕರಣಗೊಂಡ ಪಹಣಿಗಳೇ ಸುಮಾರು 2 ಕೋಟಿ. ಪಟ್ಟಿಯ ಉದ್ದ 180 ಕಿ.ಮೀ.! ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ.; ಹೋಗಿ ಬಂದರೂ ಇನ್ನೂ 20 ಕಿ.ಮೀ. ಪಟ್ಟಿ ಕೈಯಲ್ಲೇ ಉಳಿಯುತ್ತದೆ. ಸೆಕೆಂಡಿಗೊಂದು ಪರದೆಯಂತೆ ಹೆಬ್ಬೆರಳು ಉಜ್ಜುತ್ತಾ ಕುಳಿತರೆ, ಊಟ ನಿದ್ದೆ ಬಿಟ್ಟು 14 ದಿನ.

ಫೋನು ಬಚಾವಾಗುವುದು ಒಂದು ಕಳ್ಳಾಟದಿಂದ. ಅದು ಕಟ್ಟುವುದು ಕಣ್ಣಿಗೆ ಕಾಣುವ ಹದಿನಾರೋ ಇಪ್ಪತ್ತೋ ಸಾಲುಗಳನ್ನು ಮಾತ್ರ. ಮೇಲೆ ಮರೆಯಾದ ಸಾಲೇ ಹೆಸರು ಬದಲಿಸಿಕೊಂಡು ಕೆಳಗಿಂದ ಮತ್ತೆ ಬರುತ್ತದೆ, ನಾಟಕ ಕಂಪನಿಯ ಬಡಪಾಯಿ ನಟನ ಹಾಗೆ. ಹದಿನಾರು ನಟರು, 2 ಕೋಟಿ ಪಾತ್ರ; ತಲೆಗೆ ಹನ್ನೆರಡೂವರೆ ಲಕ್ಷ ವೇಷ!

ಆದರೆ ಪಟ್ಟಿಯೊಳಗೆ ಪಟ್ಟಿ ಇಟ್ಟು, ಹೊರಗಿನದು ಒಳಗಿನದಕ್ಕೆ ‘ನಿನ್ನ ಪೂರ್ತಿ ಎತ್ತರ ಹೇಳು’ ಎಂದಿತೋ, ಆಟ ಕೆಟ್ಟಿತು. ಎಲ್ಲ ಸಾಲುಗಳೂ ಒಟ್ಟಿಗೆ ಎದ್ದು ನಿಲ್ಲಬೇಕು. ಸಾಲಿಗೆ ಒಂದೇ ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 2 ಕೋಟಿಗೆ ಐದೂವರೆ ಗಂಟೆ. ಸಿಗುವ ಸಮಯದ 12 ಲಕ್ಷ ಪಟ್ಟು!

ಅಷ್ಟು ಹೊತ್ತು ಕಾದರೂ ಉತ್ತರ ಬಾರದು. ಆಂಡ್ರಾಯ್ಡ್ ಎತ್ತರವನ್ನು ಬರೆದಿಡುವ ಖಾನೆಯಲ್ಲಿ ಹಿಡಿಸುವುದು 107,37,41,823 ಪಿಕ್ಸೆಲ್ ಮಾತ್ರ. ನೂರ ಏಳು ಕೋಟಿ ಸಣ್ಣದೇ ಎನ್ನಬೇಡಿ. ಸಾಲಿಗೆ 144 ಪಿಕ್ಸೆಲ್ ನುಂಗುವ ಸಾಮಾನ್ಯ ಫೋನಿನಲ್ಲಿ ಅದು 74.6 ಲಕ್ಷ ಸಾಲಿಗೇ ಖರ್ಚು. ನಮ್ಮ ದಾರಿಯಲ್ಲಿ ಹೇಳುವುದಾದರೆ 67 ಕಿ.ಮೀ. ಬೆಟ್ಟ ಇನ್ನೂ 13 ಕಿ.ಮೀ. ದೂರ ಇರುವಾಗಲೇ ಅಳತೆಪಟ್ಟಿ ಮುಗಿದುಹೋಯಿತು!

ಪಹಣಿಯ ಬದಲು ದೇಶದ 121 ಕೋಟಿ ಜನರ ಹೆಸರು ಹಾಕಿದರೆ 10,900 ಕಿ.ಮೀ.; ಭಾರತದ ಉತ್ತರ ತುದಿಯಿಂದ ದಕ್ಷಿಣಕ್ಕೆ ಮೂರು ಸಲ ಹಾಸಿ ಮಿಗುತ್ತದೆ. ಅದೂ 2011ರ ಲೆಕ್ಕ. 2022ರ ನವೆಂಬರಿನಲ್ಲಿ ವಿಶ್ವಸಂಸ್ಥೆ ಅಂದಾಜಿಸಿದ 800 ಕೋಟಿ ಜನರನ್ನು ಹಾಕಿದರೆ 72,000 ಕಿ.ಮೀ.; ಭೂಮಿಗೆ ಹೆಚ್ಚುಕಡಿಮೆ ಎರಡು ಸುತ್ತು. ಎತ್ತರ ಅಳೆಯಲು ಮೂರು ತಿಂಗಳು. ಉಜ್ಜಿ ನೋಡಲು ಹದಿನಾರು ವರ್ಷ: ಹುಟ್ಟಿದ ದಿನವೇ ಶುರುಮಾಡಿದ ಕೂಸು ಎಸ್ಸೆಸ್ಸೆಲ್ಸಿ ವಯಸ್ಸಿಗೆ ಕೊನೆ ಮುಟ್ಟೀತು. ಮುಟ್ಟೀತೇ? ಜಗತ್ತಿನ ಜನ ವರ್ಷಕ್ಕೆ ಸುಮಾರು 7 ಕೋಟಿ ಹೆಚ್ಚುತ್ತಿದ್ದಾರೆ. ಅಷ್ಟರಲ್ಲಿ ಪಟ್ಟಿ ಇನ್ನೂ 10,000 ಕಿ.ಮೀ. ಬೆಳೆದಿರುತ್ತದೆ, ಮತ್ತೆ ಎರಡು ವರ್ಷಕ್ಕೂ ಮಿಕ್ಕಿದ ಉಜ್ಜಾಟ.