ಅರ್ಥವಾಯಿತು ಎನಿಸಿದರೆ ಸಾಕೇ?

ಆನ್‌ಲೈನ್ ಪಾಠ ಹೇಗಿತ್ತು ಎಂದು ಕೇಳಿದಾಗ "ಚೆನ್ನಾಗಿ ಅರ್ಥವಾಯಿತು" ಎನ್ನುವವರು ಬಹಳ ಮಂದಿ. ಈ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಪ್ರಶ್ನೆ ಸಣ್ಣದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ವೇದಿಕೆಯ ಮೂಲಕ, ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳವರೆಗೆ ಕಲಿಯಲು ಯು.ಜಿ.ಸಿ. 2021ರ ನಿಯಮಾವಳಿ ಅವಕಾಶ ಕೊಟ್ಟಿದೆ. ಅಲ್ಲಿ ನಮ್ಮ ಮುಖ ನೋಡಿ "ತಿಳಿಯಿತೇನಯ್ಯಾ?" ಎಂದು ಕೇಳುವ ಮೇಷ್ಟ್ರು ಎದುರಿಗಿರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡೋಣ. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣವಿರುವ ಬೆಕ್ಕುಗಳು ಸಾಮಾನ್ಯವಾಗಿ ಹೆಣ್ಣೇ ಆಗಿರುವುದೇಕೆ ಎಂಬುದು ಪಾಠದ ವಿಷಯ. ಕಿತ್ತಳೆ ಬಣ್ಣವನ್ನು ನಿರ್ಧರಿಸುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಕಪ್ಪು, ಕಿತ್ತಳೆ ಎರಡೂ ಮೈಮೇಲೆ ಮೂಡಬಲ್ಲವು. ಗಂಡಿಗೆ ಸಾಮಾನ್ಯವಾಗಿ ಒಂದೇ ಎಕ್ಸ್.

ಸುಮಾರು ಒಂದು ನಿಮಿಷದ ಈ ಪಾಠವನ್ನು ಎರಡು ರೀತಿಯಲ್ಲಿ ಚಿತ್ರೀಕರಿಸಲಾಯಿತು. ಒಂದರಲ್ಲಿ ಉಪನ್ಯಾಸಕಿ ಕ್ಯಾಮೆರಾ ನೋಡುತ್ತಾ ಸರಾಗವಾಗಿ ಮಾತನಾಡಿದರು. ಇನ್ನೊಂದರಲ್ಲಿ ತಲೆ ತಗ್ಗಿಸಿ, ತಡವರಿಸುತ್ತಾ ಟಿಪ್ಪಣಿ ಓದಿದರು. ಪಾಠದ ಸಾರ ಒಂದೇ. ಸರಾಗ ಪಾಠ ನೋಡಿದ ವಿದ್ಯಾರ್ಥಿಗಳು ತಾವು ಹೆಚ್ಚು ಕಲಿತೆವೆಂದು ಭಾವಿಸಿದರು. ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪುಗಳ ನೆನಪಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ!

ಪರದೆಯ ಮೇಲೆ ಎಲ್ಲವೂ ಸರಾಗವಾಗಿ ಕಾಣುವಂತೆ ಮಾಡುವುದೇ ನನ್ನಂಥ ನಿರ್ಮಾಪಕರ ಕೆಲಸ. ಆ ಸರಾಗ ಹೇಳುವವರದು. ಅದನ್ನು ನಮ್ಮ ತಿಳಿವಳಿಕೆಯೆಂದು ಎಣಿಸುವುದರಲ್ಲೇ ಮೋಸವಿದೆ.

ಹಾಗಾದರೆ ಪರಿಹಾರವೇನು? ಅದೇ 2013ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಸಂಖ್ಯಾಶಾಸ್ತ್ರದ 21 ನಿಮಿಷಗಳ ವಿಡಿಯೋ ಪಾಠವನ್ನು ನಾಲ್ಕು ಭಾಗ ಮಾಡಿದರು. ಪ್ರತಿ ಭಾಗದ ನಂತರ ಕಿರುಪರೀಕ್ಷೆ ಬರೆದವರ ಮನಸ್ಸು ಅತ್ತಿತ್ತ ಅಲೆದದ್ದು ಕಡಿಮೆ. ಅವರು ಟಿಪ್ಪಣಿ ಮಾಡಿಕೊಂಡದ್ದು ಹೆಚ್ಚು. ಕೊನೆಯ ಪರೀಕ್ಷೆಯಲ್ಲೂ ಅವರದೇ ಮೇಲುಗೈ.

ಆದ್ದರಿಂದ ಐದಾರು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ. ಪರದೆ ನೋಡದೆ, ಕೇಳಿದ್ದನ್ನು ನಾಲ್ಕು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಆ ಭಾಗವನ್ನು ಮತ್ತೊಮ್ಮೆ ನೋಡಿ. ತರಗತಿಯಲ್ಲಿ ಸುಲಭವಾಗಿ ಸಿಗದ ಈ ಅನುಕೂಲ ಆನ್‌ಲೈನ್ ಪಾಠದಲ್ಲಿದೆ.

ಇದನ್ನು ಈಗಲೇ ಪರೀಕ್ಷಿಸಬಹುದು. ಈ ಪುಟವನ್ನು ಮುಚ್ಚಿಟ್ಟು, ಮೂರು ಬಣ್ಣದ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಏಕೆ ಎಂದು ಪಕ್ಕದಲ್ಲಿರುವವರಿಗೆ ವಿವರಿಸಿ ನೋಡಿ.